ಕೆರೆಯಿಂದ ಟ್ಯಾಂಕಿಗೆ ನೇರ ಎಷ್ಟು ಮೀಟರ್? ಟೇಪು, ಕಂಪಾಸು, ಪೊರಕೆ ಕಡ್ಡಿ ಹಿಡ್ಕೊಂಡು ಮಾಡಿದ ಅಳತೆ

ಕೊಡಗಿನ ಸುಂಟಿಕೊಪ್ಪ ಹತ್ರ ನಮ್ದು ಸಣ್ಣ ರೋಬಸ್ಟಾ ಕಾಫಿ ತೋಟ. ಕೆಳಗೆ ಕೆರೆ ಪಕ್ಕ ಮೋಟರ್, ಮೇಲೆ ಮನೆ ಹಿಂದಿನ ದಿಣ್ಣೆಯಲ್ಲಿ ಸೈಜುಗಲ್ಲು ಕಟ್ಟೆ ಮೇಲೆ ಟ್ಯಾಂಕು. ಮಧ್ಯ ಇದ್ದ ಪಿವಿಸಿ ಪೈಪು ಅಪ್ಪನ ಕಾಲದ್ದು, ಕಾಡುಹಂದಿ ಮಣ್ಣು ಕೆದಕಿ ಅಲ್ಲಲ್ಲಿ ಮೇಲೆ ತಂದು ಹಾಕಿತ್ತು, ಹಾಗೆ ಮೇಲೆ ಬಂದ ಕಡೆಯೆಲ್ಲ ಬಿಸಿಲು ಬಿದ್ದು ಬಿದ್ದು ಪೈಪು ಬಿಸ್ಕೆಟ್ ಥರ ಆಗಿತ್ತು. ಈ ಸಲ ಕಾಫಿ ಕೊಯ್ಲು ಮುಗಿಯೋ ಹೊತ್ತಿಗೆ ಒಂದೇ ವಾರದಲ್ಲಿ ಮೂರು ಕಡೆ ಒಡೀತು. ಸಾಕು ಅಂತ ಕಪ್ಪು ಎಚ್‌ಡಿಪಿಇ ಪೈಪ್ (ಸುರುಳಿ ಸುತ್ತಿ ಬರೋ ಗಟ್ಟಿ ಪ್ಲಾಸ್ಟಿಕ್ ಪೈಪು) ಹಾಕೋಣ ಅಂದ್ಕೊಂಡೆ.

ಅಂಗಡಿಯಲ್ಲಿ ಅದು 100 ಮೀಟರಿನ ರೋಲು, ಕತ್ತರಿಸಿ ಕೊಡಲ್ಲ. ಹಳೇ ಪೈಪು ದಾರಿ ಪಕ್ಕನೇ ಸುತ್ತಿ ಬಳಸಿ ಹೋಗಿತ್ತು, ಅಪ್ಪ "ಇನ್ನೂರಿಪ್ಪತ್ತರ ಮೇಲಿದೆ, ಮೂರು ರೋಲು ತಗೋ" ಅಂದ್ರು. ಮೂರನೇ ರೋಲಲ್ಲಿ ಮುಕ್ಕಾಲು ಪಾಲು ಸುಮ್ನೆ ಶೆಡ್ಡಲ್ಲಿ ಬಿದ್ದಿರುತ್ತೆ ಅಂತ ನನಗೆ ಹೊಟ್ಟೆ ಉರಿ. ದಾರಿ ಬಿಟ್ಟು ಗಿಡದ ಸಾಲಿನ ಮಧ್ಯ ನೇರ ಎಳೆದ್ರೆ 200ರ ಒಳಗೆ ಬರಲ್ವಾ? ಬಂದ್ರೆ ಎರಡೇ ರೋಲು. ಆದ್ರೆ ನೇರ ಎಷ್ಟು ಅಂತ ಗೊತ್ತಾಗೋದು ಹೇಗೆ, ಮೋಟರ್ ಹತ್ರ ನಿಂತ್ರೆ ಟ್ಯಾಂಕ್ ಕಾಣಲ್ಲ, ಎದುರಿಗೆ ತಲೆಮಟ್ಟ ಕಾಫಿ, ಅದರ ಮೇಲೆ ಸಿಲ್ವರ್ ಓಕು, ಅದಕ್ಕೆ ಸುತ್ತಿದ ಮೆಣಸಿನ ಬಳ್ಳಿ. ಫೋನಿನ ಜಿಪಿಎಸ್ ನೋಡಿದೆ, ಮರದ ಕೆಳಗೆ ನಿಂತಲ್ಲೇ ನಿಂತ್ರೂ ನೀಲಿ ಚುಕ್ಕೆ ಅಕ್ಕಪಕ್ಕದ ತೋಟಕ್ಕೆಲ್ಲ ಹೋಗಿ ಬರ್ತಿತ್ತು. ಮೂರು ಸಲ ಅಳೆದ್ರೆ ಮೂರು ಉತ್ತರ.

ಅದೇ ಟೈಮಿಗೆ ಮಗಳು ಫಸ್ಟ್ ಪಿಯುಸಿ ಫಿಸಿಕ್ಸ್ ಹಿಡ್ಕೊಂಡು ಕೂತಿದ್ಲು, ಸದಿಶಗಳ ಸಂಕಲನ, ಅದೇ ವೆಕ್ಟರ್ ಅಡಿಷನ್. ಪೂರ್ವಕ್ಕೆ 3 ಕಿಲೋಮೀಟರ್ ಹೋಗಿ ಉತ್ತರಕ್ಕೆ 4 ಹೋದ್ರೆ ಶುರು ಮಾಡಿದ ಜಾಗದಿಂದ ಎಷ್ಟು ದೂರ ಅನ್ನೋ ಲೆಕ್ಕ. 5 ಅಂತ ಬಾಯಲ್ಲೇ ಹೇಳಿದ್ಲು. ನನಗೆ ಆವಾಗ ಹೊಳೀತು, ನಮ್ಮ ದಾರಿನೂ ಅಷ್ಟೇ ತಾನೇ, ಎರಡು ತುಂಡಿನ ಬದಲು ಆರು ತುಂಡು, ಮೂಲೆ ಒಂದೂ 90 ಡಿಗ್ರಿ ಇಲ್ಲ, ಅಷ್ಟೇ ವ್ಯತ್ಯಾಸ. ಒಂದೊಂದು ತುಂಡಿನ ಉದ್ದ ಮತ್ತೆ ದಿಕ್ಕು ಅಳೆದು ಕೂಡಿಸಿದ್ರೆ ಮೋಟರಿಂದ ಟ್ಯಾಂಕಿಗೆ ಒಂದೇ ನೇರ ಗೆರೆ ಸಿಗುತ್ತೆ. "ಪುಟ್ಟಿ, ನಾಳೆ ಬಾ, ಹೋಮ್‌ವರ್ಕ್ ತೋಟದಲ್ಲೇ ಮಾಡೋಣ" ಅಂದೆ. ಅವಳಿಗೇನೂ ಖುಷಿ ಆಗ್ಲಿಲ್ಲ.

ಸಾಮಾನು ಜಾಸ್ತಿ ಏನಿಲ್ಲ. 30 ಮೀಟರಿನ ನಾರಿನ ಟೇಪು (ಸ್ಟೀಲ್ ಟೇಪ್ ಬೇಡ, ಕಂಪಾಸಿಗೆ ಕಿರಿಕಿರಿ), ಅದರ ತುದಿ ಕೊಂಡಿ ಕಿತ್ತು ಹೋಗಿತ್ತು, ಹಾಗಾಗಿ 1 ಮೀಟರ್ ಗುರುತಿಂದ ಶುರು ಮಾಡಿ ಆಮೇಲೆ 1 ಕಳೆಯೋದು. ಟ್ರೆಕ್ಕಿಂಗಿಗೆ ಅಂತ ಯಾವಾಗ್ಲೋ ತಗೊಂಡಿದ್ದ ಪ್ಲಾಸ್ಟಿಕ್ ಪ್ಲೇಟ್ ಕಂಪಾಸು. ತುದಿಗೆ ಕೆಂಪು ಬಟ್ಟೆ ಕಟ್ಟಿದ ಮೂರು ಬಿದಿರು ಗಳ. ಇಳಿಜಾರು ಅಳೆಯೋಕೆ ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕದ ಮಧ್ಯದ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ ನೇತು ಹಾಕಿದೆ. ನೇರ ಅಂಚಲ್ಲಿ ಕಣ್ಣಿಟ್ಟು ಮುಂದಿನ ಗಳ ನೋಡಿದ್ರೆ ದಾರ ಎಷ್ಟು ವಾಲುತ್ತೋ ಅಷ್ಟು ಇಳಿಜಾರು. ಐದು ನಿಮಿಷದ ಕೆಲಸ.

ಶನಿವಾರ ಬೆಳಿಗ್ಗೆ ಮಂಜು ಬಿಟ್ಟ ಮೇಲೆ ಶುರು ಮಾಡಿದ್ವಿ. ತೋಟದ ಕೆಲಸದ ಅಣ್ಣ ಗಳ ಹಿಡ್ಕೊಂಡು ಮುಂದೆ, ಮಗಳು ಪುಸ್ತಕ, ನಾನು ಕಂಪಾಸು. ದಾರಿ ಎಲ್ಲೆಲ್ಲಿ ತಿರುಗುತ್ತೋ ಅಲ್ಲೊಂದು ಗೂಟ. ಒಂದು ಗೂಟದ ಹತ್ರ ನಿಂತು ಮುಂದಿನ ಗಳಕ್ಕೆ ಗುರಿ ಇಟ್ಟು, ಉತ್ತರದಿಂದ ಬಲಕ್ಕೆ ಎಷ್ಟು ಡಿಗ್ರಿ ಅಂತ ಓದೋದು, ಟೇಪ್ ಹಿಡಿಯೋದು, ಬರೆಯೋದು.

ಟೇಪ್ ವಿಷಯದಲ್ಲಿ ಒಂದು ಮಾತು. ನೆಲದ ಮೇಲೆ ಮಲಗಿಸಿ ಅಳೆದ್ರೆ ಇಳಿಜಾರಿನ ಉದ್ದ ಬರುತ್ತೆ, ನಕ್ಷೆಗೆ ಬೇಕಾಗಿರೋದು ಮಟ್ಟಸದ ಉದ್ದ. ಸಣ್ಣ ಏರಲ್ಲಿ ಟೇಪನ್ನ ಮಟ್ಟಸ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಅಳೆದ್ವಿ. ನಾಲ್ಕನೇ ತುಂಡು ಮಾತ್ರ ಉಸಿರು ಕಟ್ಟೋ ಏರು, ಅಲ್ಲಿ ನೆಲದ ಮೇಲೇ ಅಳೆದೆ, 53.2 ಮೀಟರ್, ನಟ್ ದಾರ 20 ಡಿಗ್ರಿ ತೋರಿಸ್ತು. 20 ಡಿಗ್ರಿಯ ಕಾಸ್ (ಕೊಸೈನ್, ಇಳಿಜಾರಿನ ಉದ್ದವನ್ನ ಮಟ್ಟಸದ ಉದ್ದಕ್ಕೆ ಇಳಿಸೋ ಸಂಖ್ಯೆ) 0.94, ಗುಣಿಸಿದ್ರೆ ಸರಿಯಾಗಿ 50. ಮೂರು ಮೀಟರ್ ಅಲ್ಲೇ ಹೋಯ್ತು ನೋಡಿ.

ಪುಸ್ತಕದಲ್ಲಿ ಬರೆದಿದ್ದು ಇಷ್ಟು:

ಮೋಟರಿಂದ ಹಲಸಿನ ಮರ, 42 ಮೀಟರ್, 52 ಡಿಗ್ರಿ
ಹಲಸಿನ ಮರದಿಂದ ಕಲ್ಲುಕಂಬ, 35 ಮೀಟರ್, 75 ಡಿಗ್ರಿ
ಕಲ್ಲುಕಂಬದಿಂದ ಬರೆ (ಕಡಿದಾದ ಮಣ್ಣಿನ ದಿಬ್ಬ) ಪಕ್ಕದ ತಿರುವು, 28 ಮೀಟರ್, 340 ಡಿಗ್ರಿ
ಅಲ್ಲಿಂದ ಏರು ಹತ್ತಿ ಮೇಲೆ, 50 ಮೀಟರ್, 48 ಡಿಗ್ರಿ
ಮೇಲಿಂದ ಕಣದ ಮೂಲೆ, 31 ಮೀಟರ್, 110 ಡಿಗ್ರಿ
ಕಣದ ಮೂಲೆಯಿಂದ ಟ್ಯಾಂಕು, 38 ಮೀಟರ್, 15 ಡಿಗ್ರಿ

ಒಟ್ಟು ನಡೆದಿದ್ದು 224 ಮೀಟರ್, ಅಪ್ಪನ ಕಣ್ಣಂದಾಜು ಬಲು ಸರಿ ಇತ್ತು. ಈ ಪಟ್ಟಿಯಲ್ಲಿ ಒಂದು ಸಂಖ್ಯೆ ತಪ್ಪಿದೆ, ಅದು ನಮಗೆ ಗೊತ್ತಾಗಿದ್ದು ಮರುದಿನ.

ಮಧ್ಯಾಹ್ನ ಊಟ ಆದ ಮೇಲೆ ಲೆಕ್ಕ. ಒಂದೊಂದು ತುಂಡನ್ನೂ ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಅಂತ ಎರಡು ಭಾಗ ಮಾಡೋದು, ಪೂರ್ವದ್ದೆಲ್ಲ ಒಂದು ಕಡೆ ಕೂಡಿಸೋದು, ಉತ್ತರದ್ದೆಲ್ಲ ಇನ್ನೊಂದು ಕಡೆ. ಪಶ್ಚಿಮಕ್ಕೋ ದಕ್ಷಿಣಕ್ಕೋ ಹೋದ್ರೆ ಮೈನಸ್. ಇಲ್ಲೇ ಅಪ್ಪ ಮಗಳ ಜಗಳ ಶುರು. ಅವಳ ಪ್ರಕಾರ ಪೂರ್ವದ ಭಾಗಕ್ಕೆ ಕಾಸ್, ನನ್ನ ಪ್ರಕಾರ ಸೈನ್. "ಪಪ್ಪಾ, ಎಕ್ಸ್ ಅಂದ್ರೆ ಕಾಸ್, ಕ್ಲಾಸಲ್ಲಿ ಹಾಗೇ ಮಾಡಿದ್ದು" ಅಂತಾಳೆ. ಅವಳು ಹೇಳೋದೂ ಸುಳ್ಳಲ್ಲ, ಪಾಠದಲ್ಲಿ ಕೋನ ಅಳೆಯೋದು ಎಕ್ಸ್ ಅಕ್ಷದಿಂದ, ಅಂದ್ರೆ ಪೂರ್ವದಿಂದ ಎಡಕ್ಕೆ ತಿರುಗ್ತಾ. ಕಂಪಾಸು ಅಳೆಯೋದು ಉತ್ತರದಿಂದ ಬಲಕ್ಕೆ. ಹಾಗಾಗಿ ಸೈನ್ ಕಾಸ್ ಅದಲುಬದಲು. ಸೂತ್ರ ಬಾಯಿಪಾಠ ಮಾಡೋ ಬದಲು ಒಂದು ಸುಲಭದ ಪರೀಕ್ಷೆ ಮಾಡಿದ್ವಿ: ಕಂಪಾಸು 0 ಅಂದ್ರೆ ನೆಟ್ಟಗೆ ಉತ್ತರ, ಆಗ ಪೂರ್ವದ ಭಾಗ ಸೊನ್ನೆ ಬರಬೇಕು, ಸೊನ್ನೆಯ ಸೈನ್ ಸೊನ್ನೆ. ಅಲ್ಲಿಗೆ ಜಗಳ ಮುಗೀತು.

ಫೋನಿನ ಸ್ಪ್ರೆಡ್‌ಶೀಟಲ್ಲಿ ಸೂತ್ರ ಹಾಕಿದ್ರೆ ಇನ್ನೊಂದು ತಮಾಷೆ. 30 ಡಿಗ್ರಿ ಹಾಕಿ ನೋಡಿದೆ, ಸೈನ್ ಅರ್ಧ ಬರಬೇಕು, ಬಂದಿದ್ದು ಮೈನಸ್ 0.988. ಅದು ಡಿಗ್ರಿ ತಗೊಳ್ಳಲ್ಲ, ರೇಡಿಯನ್ ಅಂತ ಕೋನ ಅಳೆಯೋ ಇನ್ನೊಂದು ಮಾನ ತಗೊಳ್ಳುತ್ತೆ. ಡಿಗ್ರಿಯನ್ನ ಮೊದಲು ರೇಡಿಯನ್ ಮಾಡೋ ಫಂಕ್ಷನ್ ಒಳಗೆ ಹಾಕಿ ಆಮೇಲೆ ಸೈನ್ ಕೊಟ್ಟ ಮೇಲೆ ಸರಿಹೋಯ್ತು. ಗೊತ್ತಿರೋ ಒಂದು ಸಂಖ್ಯೆ ಹಾಕಿ ನೋಡದೇ ಇದ್ದಿದ್ರೆ ಟ್ಯಾಂಕು ಹಾರಂಗಿ ಕಡೆ ಎಲ್ಲೋ ಹೋಗಿರ್ತಿತ್ತು.

ಉತ್ತರ ಬಂತು: ಪೂರ್ವಕ್ಕೆ 133.5, ಉತ್ತರಕ್ಕೆ 120.8. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದ್ರೆ 180.0 ಮೀಟರ್, ದಿಕ್ಕು 47.9 ಡಿಗ್ರಿ. 200ರ ಒಳಗೆ! ನಾನಂತೂ ಅಂಗಡಿಗೆ ಫೋನ್ ಮಾಡೋಕೆ ಹೊರಟೆ. ಜಗಲಿಯಲ್ಲಿ ಕೂತಿದ್ದ ಅಪ್ಪ "ಮೊದ್ಲು ಗೆರೆ ಹೊಡೆದು ನೋಡು, ಆಮೇಲೆ ರೋಲು" ಅಂದ್ರು.

ಭಾನುವಾರ ಗೆರೆ ಹೊಡೆಯೋಕೆ ಟ್ಯಾಂಕ್ ಕಡೆಯಿಂದ ಇಳಿದ್ವಿ. 47.9ಕ್ಕೆ 180 ಕೂಡಿಸಿದ್ರೆ ವಾಪಸ್ ದಿಕ್ಕು, 228 ಅಂತ ಇಟ್ಕೊಂಡೆ. ಮೂರು ಗಳ ಒಂದೇ ಸಾಲಲ್ಲಿ ನಿಲ್ಲಿಸಿ, ಹಿಂದಿನದನ್ನ ಕಿತ್ತು ಮುಂದೆ ನೆಡ್ತಾ ನೆಡ್ತಾ ಹೋಗೋದು, ಕಂಪಾಸು ಬರೀ ಆಗಾಗ ನೋಡೋಕೆ. ಕಾಫಿ ರೆಕ್ಕೆ (ಅಡ್ಡ ಕೊಂಬೆ) ಮುಖಕ್ಕೆ ಹೊಡೀತಾ, ಜೇಡರ ಬಲೆ ತಿಂತಾ ಒಂದೂವರೆ ಗಂಟೆ. ಕೊನೆಗೆ 180 ಮೀಟರ್ ಮುಗಿದಾಗ ನಾವು ನಿಂತಿದ್ದು ಬಿದಿರು ಮೆಳೆ ಒಳಗೆ. ಮೋಟರ್ ಎಲ್ಲಿ ಅಂದ್ರೆ ಆ ಕಡೆ, ಟೇಪ್ ಹಿಡಿದ್ರೆ 16 ಮೀಟರ್ ದೂರದಲ್ಲಿ. ಅಣ್ಣ ಏನೂ ಮಾತಾಡದೆ ಬೀಡಿ ಹಚ್ಚಿದ್ರು.

ಮೊದಲು ಅನುಮಾನ ಬಂದಿದ್ದು ಗೆರೆ ಹೊಡೆದಿದ್ದರ ಮೇಲೆ. ಆಮೇಲೆ ಸೈನ್ ಕಾಸ್ ಮೇಲೆ. ಕಂಪಾಸಿನ ಸೂಜಿ ತೋರಿಸೋ ಉತ್ತರ ನಿಜವಾದ ಉತ್ತರ ಅಲ್ಲ ಅಂತಾರಲ್ಲ, ಅದಿರಬಹುದಾ ಅಂತ ಮಗಳು ಕೇಳಿದ್ಲು, ಒಳ್ಳೇ ಪ್ರಶ್ನೆ. ಆದ್ರೆ ನಮ್ಮ ಕಡೆ ಆ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೇ, ಮೇಲಾಗಿ ಅದು ಆರೂ ತುಂಡಿಗೆ ಒಂದೇ ಸಮ ಇರುತ್ತೆ, ಇಡೀ ಚಿತ್ರ ಸ್ವಲ್ಪ ತಿರುಗಿ ಕೂತ್ಕೊಳ್ಳುತ್ತೆ, ಉದ್ದ ಬದಲಾಗಲ್ಲ. ಅದೇ ಕಂಪಾಸು ಹಿಡಿದು ವಾಪಸ್ ಬಂದ್ರೆ ಅದೂ ಕಳೆದು ಹೋಗುತ್ತೆ. ಹಾಗಾಗಿ ಅದಲ್ಲ.

ಉಳಿದಿದ್ದು ಒಂದೇ ದಾರಿ, ಪ್ರತಿ ಗೂಟದಿಂದ ಹಿಂದಿನ ಗೂಟ ನೋಡೋದು. ಮುಂದೆ ನೋಡಿದಾಗ 75 ಇದ್ರೆ ಹಿಂದೆ ನೋಡಿದಾಗ 255 ಇರಬೇಕು, 180 ಕೂಡಿಸಿದಷ್ಟು. ಸರ್ವೆಯವರು ಇದನ್ನ ಮೊದಲ ದಿನವೇ ಮಾಡ್ತಾರೆ, ನಾವು ಸೋಮಾರಿಗಳು ಬಿಟ್ಟಿದ್ವಿ. ಟ್ಯಾಂಕಿಂದ ಶುರು ಮಾಡಿ ಕೆಳಗೆ ಬಂದ್ವಿ, ಐದು ತುಂಡೂ ಒಂದೆರಡು ಡಿಗ್ರಿ ಒಳಗೆ ಸರಿ. ಹಲಸಿನ ಮರದಿಂದ ಮೋಟರ್ ನೋಡಿದ್ರೆ 210. ಅಂದ್ರೆ ಮೋಟರಿಂದ ಹಲಸಿನ ಮರ 30 ಆಗಬೇಕು, ಪುಸ್ತಕದಲ್ಲಿ 52 ಇದೆ!

ಮೊದಲ ದಿನ ಮೊದಲ ಓದು, ನಾನು ಕಂಪಾಸನ್ನ ಆರಾಮಾಗಿ ಮೋಟರ್ ಕಟ್ಟೆ ಮೇಲೇ ಇಟ್ಟು ಓದಿದ್ದೆ. ಪಕ್ಕದಲ್ಲಿ ಎರಕದ ಕಬ್ಬಿಣದ ಮೋಟರ್ ಬಾಡಿ. ಕಂಪಾಸನ್ನ ಮತ್ತೆ ಅಲ್ಲಿಟ್ಟು, ನಿಧಾನ ಎತ್ತಿಕೊಂಡು ಹಿಂದೆ ಹಿಂದೆ ಹೋದೆ, ಸೂಜಿ ದೆವ್ವ ಬಿಟ್ಟ ಹಾಗೆ ತಿರುಗ್ತಾ ತಿರುಗ್ತಾ ನಾಲ್ಕೈದು ಹೆಜ್ಜೆ ಆದ ಮೇಲೆ ನಿಂತಿತು. ತಂತಿಬೇಲಿ, ಕತ್ತಿ, ಜೇಬಿನ ಫೋನು ಎಲ್ಲದಕ್ಕೂ ಇದೇ ಕಥೆ, ಅಣ್ಣನ ಸೊಂಟದಲ್ಲಿ ಕತ್ತಿ ಇದ್ದಿದ್ದು ನೆನಪಾಗಿ ಅವರನ್ನೂ ದೂರ ನಿಲ್ಲಿಸಿದೆ.

ಸರಿ, 52 ಹೊಡೆದು ಹಾಕಿ 30 ಬರೆದ್ವಿ. ಮೊದಲ ತುಂಡು ಪೂರ್ವಕ್ಕೆ 21.0, ಉತ್ತರಕ್ಕೆ 36.4. ಎರಡನೇದು 33.8 ಮತ್ತೆ 9.1. ಮೂರನೇದು ಸ್ವಲ್ಪ ಪಶ್ಚಿಮಕ್ಕೆ ವಾಲುತ್ತೆ, ಮೈನಸ್ 9.6 ಮತ್ತೆ 26.3. ನಾಲ್ಕು, 37.2 ಮತ್ತೆ 33.5. ಐದನೇದು ಸ್ವಲ್ಪ ದಕ್ಷಿಣಕ್ಕೆ, 29.1 ಮತ್ತೆ ಮೈನಸ್ 10.6. ಆರು, 9.8 ಮತ್ತೆ 36.7. ಕೂಡಿಸಿದ್ರೆ ಪೂರ್ವಕ್ಕೆ 121.4, ಉತ್ತರಕ್ಕೆ 131.3, ನೇರ 178.8 ಮೀಟರ್, ದಿಕ್ಕು 42.7 ಡಿಗ್ರಿ.

ಇದನ್ನ ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ತಪ್ಪು ಲೆಕ್ಕದಲ್ಲಿ 180.0, ಸರಿ ಲೆಕ್ಕದಲ್ಲಿ 178.8. ಉದ್ದದಲ್ಲಿ ಒಂದು ಮೀಟರ್ ಚಿಲ್ಲರೆ ವ್ಯತ್ಯಾಸ, ತಲುಪಿದ ಜಾಗದಲ್ಲಿ 16 ಮೀಟರ್. ಉದ್ದ ಮಾತ್ರ ನೋಡಿ ಅಂಗಡಿಗೆ ಹೋಗಿದ್ರೆ ಪೈಪು ಸಾಕಾಗ್ತಿತ್ತು, ತಪ್ಪಾಗಿದ್ದು ಗೊತ್ತೇ ಆಗ್ತಿರ್ಲಿಲ್ಲ. ಮಗಳು ಇನ್ನೊಂದು ಮಾಡಿ ತೋರಿಸಿದ್ಲು, ಅವಳು ಮೊದಲು ಹೇಳಿದ ಹಾಗೆ ಸೈನ್ ಕಾಸ್ ಅದಲುಬದಲು ಮಾಡಿದ್ರೂ ಉದ್ದ ಅದೇ 178.8 ಬರುತ್ತೆ, ದಿಕ್ಕು ಮಾತ್ರ 47.3. ನಮ್ಮ ಗೆರೆ 45ರ ಹತ್ರ ಇರೋದ್ರಿಂದ ನೋಡೋಕೆ ಎರಡೂ ಒಂದೇ ಥರ, ಆದ್ರೆ ಅಷ್ಟು ದೂರ ಹೋದ ಮೇಲೆ 14 ಮೀಟರ್ ಪಕ್ಕಕ್ಕೆ. ಅವಳ ಪರೀಕ್ಷೆಯಲ್ಲಿ ಉದ್ದ ಮಾತ್ರ ಕೇಳಿದ್ರೆ ಪೂರ್ತಿ ಮಾರ್ಕ್ಸು.

ಈ ಸಲ ಲೆಕ್ಕದ ಮೇಲೆ ನನಗೇ ನಂಬಿಕೆ ಇರ್ಲಿಲ್ಲ, ಹಾಗಾಗಿ ಸಂಜೆ ಹಲಗೆ ಮಾಡಿದ್ವಿ. ಎರಡಡಿ ಪ್ಲೈವುಡ್ ತುಂಡು, ಅದರ ಮೇಲೆ ಉತ್ತರದ ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿ, 1 ಸೆಂಟಿಮೀಟರಿಗೆ 4 ಮೀಟರ್ ಸ್ಕೇಲು. ಕಡ್ಡಿ ಪೊರಕೆಯಿಂದ ಆರು ಕಡ್ಡಿ ಎಳೆದು 10.5, 8.75, 7, 12.5, 7.75, 9.5 ಸೆಂಟಿಮೀಟರಿಗೆ ಕತ್ತರಿಸಿ, ಒಂದೊಂದರ ತಲೆಗೂ ಮಗಳ ನೇಲ್ ಪಾಲಿಶ್ ಹಚ್ಚಿದ್ವಿ. ತಲೆ ಗುರುತು ಇಲ್ದಿದ್ರೆ ಕಡ್ಡಿ ಉಲ್ಟಾ ಇಟ್ಟುಬಿಡ್ತೀವಿ, ಮೂರನೇ ಕಡ್ಡಿ ಒಂದು ಉಲ್ಟಾ ಆದ್ರೆ ಟ್ಯಾಂಕು 56 ಮೀಟರ್ ಜರುಗುತ್ತೆ, ಅದರ ಉದ್ದದ ಎರಡರಷ್ಟು.

ಒಂದರ ತಲೆಗೆ ಇನ್ನೊಂದರ ಬಾಲ ಸೇರಿಸ್ತಾ, ದಿಕ್ಕು ಕೋನಮಾಪಕದಲ್ಲಿ ನೋಡ್ತಾ, ಗುಂಡುಪಿನ್ ಚುಚ್ಚಿ ನಿಲ್ಲಿಸಿದ್ವಿ. ಮೊದಲ ಬಾಲದಿಂದ ಕೊನೇ ತಲೆಗೆ ದಾರ ಎಳೆದು ಅಳೆದ್ರೆ 44.5 ಸೆಂಟಿಮೀಟರ್, ಅಂದ್ರೆ 178 ಮೀಟರ್. ಪೊರಕೆ ಕಡ್ಡಿಗೆ ಇದಕ್ಕಿಂತ ಇನ್ನೇನು ಬೇಕು.

ಆಮೇಲೆ ಮಗಳಿಗೆ ಆಟ ಸಿಕ್ತು. ಕಡ್ಡಿಗಳ ದಿಕ್ಕು ಬದಲಾಯಿಸದೆ ಬರೀ ಸರದಿ ಬದಲಾಯಿಸಿ ಇಟ್ಲು, ಮೊದಲು ಐದನೇದು, ಆಮೇಲೆ ಎರಡನೇದು, ಹೀಗೆ. ಪ್ರತಿ ಸಲ ಬೇರೆ ಬೇರೆ ಸೊಟ್ಟಂಬಟ್ಟ ದಾರಿ, ಒಂದು ದಾರಿ ಬರೆ ಮಧ್ಯದಲ್ಲೇ ಹೋಗುತ್ತೆ, ಇನ್ನೊಂದು ಪಕ್ಕದ ತೋಟದೊಳಗೆ, ಆದ್ರೆ ಕೊನೇ ತಲೆ ಬಂದು ನಿಲ್ಲೋದು ಅದೇ ಪಿನ್ನಿನ ಹತ್ರ. ಆರು ಕಡ್ಡಿಯನ್ನ 720 ಥರ ಜೋಡಿಸಬಹುದು, ಅವಳು ನಾಲ್ಕು ಮಾಡಿ ಸಾಕು ಅಂದ್ಲು. ಅಪ್ಪ ಇದನ್ನೆಲ್ಲ ನೋಡ್ತಾ ಕೂತಿದ್ದವರು "ಕಾವೇರಮ್ಮನೂ ಹಾಗೇ ಅಲ್ವಾ, ತಲಕಾವೇರಿಯಿಂದ ಸಮುದ್ರಕ್ಕೆ ಸುತ್ತಿ ಸುತ್ತಿ ಹೋಗ್ತಾಳೆ" ಅಂದ್ರು. ಫೋನಲ್ಲಿ ಮ್ಯಾಪ್ ತೆಗೆದು ಅಳೆದ್ವಿ, ಹರಿಯೋದು ಸುಮಾರು 800 ಕಿಲೋಮೀಟರ್, ತಲಕಾವೇರಿಯಿಂದ ಪೂಂಪುಹಾರ್‌ಗೆ ನೇರ ಗೆರೆ ಸುಮಾರು 500. ನಮ್ಮ 224ಕ್ಕೆ 179, ನಮ್ಮ ದಾರಿ ಅವಳಿಗಿಂತ ನೆಟ್ಟಗಿದೆ.

ಮುಂದಿನ ಶನಿವಾರ ಇನ್ನೊಂದು ತನಿಖೆ. ಟ್ಯಾಂಕಿಂದ ಲೈನ್ ಮನೆ (ಕೆಲಸದವರ ಸಾಲುಮನೆ) ಕಡೆಯ ದಾರಿಯಲ್ಲಿ ಮೋಟರಿಗೆ ವಾಪಸ್ ಅಳೆದ್ವಿ, ನಾಲ್ಕು ತುಂಡು, 252 ಮೀಟರ್. ಪೂರ್ವಕ್ಕೆ ಮೈನಸ್ 118.9, ಉತ್ತರಕ್ಕೆ ಮೈನಸ್ 133.0 ಬಂತು. ಹೋಗಿದ್ದೂ ಬಂದಿದ್ದೂ ಕೂಡಿಸಿದ್ರೆ ಸೊನ್ನೆ ಆಗಬೇಕು, ಹೊರಟಲ್ಲಿಗೇ ಬಂದಿದ್ದೀವಲ್ಲ. ಉಳಿದಿದ್ದು 2.5 ಮತ್ತೆ 1.7, ಅಂದ್ರೆ 3 ಮೀಟರ್ ತಪ್ಪು, 476 ಮೀಟರ್ ಸುತ್ತಿದ್ದಕ್ಕೆ. ಕಂಪಾಸ್ ಓದೋದ್ರಲ್ಲಿ 2 ಡಿಗ್ರಿ ತಪ್ಪಿದ್ರೆ 50 ಮೀಟರಿಗೇ ಒಂದೂಮುಕ್ಕಾಲು ಮೀಟರ್ ಪಕ್ಕಕ್ಕೆ ಹೋಗುತ್ತೆ, ಆ ಲೆಕ್ಕಕ್ಕೆ ಇದು ಬೋನಸ್ಸು.

ಎತ್ತರ ಒಂದು ಬಾಕಿ ಇತ್ತು. ಗಾರೆಯವರ ಲೆವೆಲ್ ಪೈಪ್ ಇಸ್ಕೊಂಡು, ನೀರು ತುಂಬಿ, ಗಳದಿಂದ ಗಳಕ್ಕೆ ಮಟ್ಟ ನೋಡ್ತಾ ಹತ್ತಿದ್ವಿ, ಕೆಳಗಿಂದ ಮೇಲಿನವರೆಗೆ 22 ಸಲ. ಬೇಜಾರಿನ ಕೆಲಸ, ಬರೆಯೋಕೂ ಬೇಜಾರು. ಒಟ್ಟು 27 ಮೀಟರ್ ಬಂತು. ನೇರ ಪೈಪಿನ ನಿಜವಾದ ಉದ್ದಕ್ಕೆ 178.8 ಮತ್ತೆ 27ರ ವರ್ಗ ಕೂಡಿಸಿ ಮೂಲ ತೆಗೆದ್ರೆ 180.8, ಅಂದ್ರೆ ಇಷ್ಟು ಉಸಿರು ಬಿಡಿಸೋ ದಿಣ್ಣೆ ಪೈಪಿಗೆ ಸೇರಿಸಿದ್ದು ಬರೀ 2 ಮೀಟರ್. ಉದ್ದಕ್ಕೆ ಅದು ಲೆಕ್ಕಕ್ಕಿಲ್ಲ, ಒತ್ತಡಕ್ಕೆ ಮಾತ್ರ ಇದೆ, 10 ಮೀಟರಿಗೆ ಹೆಚ್ಚುಕಮ್ಮಿ ಒಂದು ಕೆಜಿ ಒತ್ತಡದ (ಪ್ರತಿ ಚದರ ಸೆಂಟಿಮೀಟರಿಗೆ) ಹಾಗೆ ಕೆಳಗಡೆ ಪೈಪಿಗೆ 2.7 ಕೆಜಿ, ಮೋಟರ್ ಓಡುವಾಗ ಇನ್ನೂ ಸ್ವಲ್ಪ ಜಾಸ್ತಿ. ಪೈಪಿನ ಗ್ರೇಡು ಅದನ್ನ ನೋಡಿ ತಗೊಂಡೆ.

ಎರಡೇ ರೋಲು ಬಂತು. ಗೆರೆ ಮತ್ತೆ ಹೊಡೆದ್ವಿ, ಟ್ಯಾಂಕಿಂದ ಈ ಸಲ 223ಕ್ಕೆ. ಮಧ್ಯ ಎರಡು ಮರ ಅಡ್ಡ ಬಂತು, ಅಲ್ಲಿ ಪಕ್ಕಕ್ಕೆ 2 ಮೀಟರ್ ಸರಿದು ಮುಂದೆ ಹೋಗಿ ಮತ್ತೆ 2 ಮೀಟರ್ ವಾಪಸ್. ಕೊನೆಗೆ ಗಿಡ ಸರಿಸಿ ನೋಡಿದ್ರೆ ಮೋಟರ್ ಶೆಡ್ಡು ಎದುರಿಗೇ, ಎರಡೂವರೆ ಮೀಟರ್ ಎಡಕ್ಕೆ. ಅಣ್ಣ "ಈಗ ಸರಿ ಆಯ್ತು ನೋಡಿ" ಅಂದ್ರು, ಅಷ್ಟೇ ಮಾತು.

ಪೈಪ್ ಬಿಚ್ಚೋ ಮುಂಚೆ ರೋಲನ್ನ ಎರಡು ಗಂಟೆ ಕಣದ ಬಿಸಿಲಲ್ಲಿ ಬಿಟ್ಟಿದ್ದೆ, ಬೆಚ್ಚಗಾದ್ರೆ ಮೆತ್ತಗಾಗುತ್ತೆ, ಇಲ್ದಿದ್ರೆ ಹಾವಿನ ಥರ ಸುತ್ತಿಕೊಂಡು ಹೊಡೆಯುತ್ತೆ. ಬಿಗಿ ಎಳೆದು ಹಾಕಬಾರದು, ಬೆಳಿಗ್ಗೆಯ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಇಷ್ಟುದ್ದ ಪೈಪು ಅರ್ಧ ಮೀಟರಿನಷ್ಟು ಹಿಗ್ಗಿ ಕುಗ್ಗುತ್ತೆ. ಅದಕ್ಕೆ, ಮರ ಬಳಸಿದ್ದಕ್ಕೆ, ನೆಲದ ಉಬ್ಬುತಗ್ಗಿಗೆಲ್ಲ ಸೇರಿ ಖರ್ಚಾಗಿದ್ದು 187 ಮೀಟರ್. ಮಧ್ಯ ಎರಡು ರೋಲು ಜೋಡಿಸೋಕೆ ಒಂದೇ ಕಪ್ಲರ್. ಮೋಟರ್ ಆನ್ ಮಾಡಿದ ತಕ್ಷಣ ಅದರಲ್ಲೇ ನೀರು ಚಿಮ್ಮಿತು, ಬಿಚ್ಚಿ ನೋಡಿದ್ರೆ ರಬ್ಬರ್ ರಿಂಗು ಮಡಚಿಕೊಂಡಿತ್ತು, ಸರಿ ಕೂರಿಸಿ ಬಿಗಿ ಮಾಡಿದ ಮೇಲೆ ನಿಂತಿತು.

ಈಗ ಮಳೆಗಾಲಕ್ಕೆ ಮುಂಚೆ ಪೈಪನ್ನ ಒಂದಡಿ ಆಳಕ್ಕೆ ಹೂಳಬೇಕು, ಹಂದಿಗೆ ಮತ್ತೆ ಕೆಲಸ ಕೊಡಬಾರದಲ್ಲ. ಉಳಿದ 13 ಮೀಟರಿನ ಮೇಲೆ ಕಣ್ಣು ಹಾಕಿರೋದು ಅಪ್ಪ, ಮೆಣಸು ನರ್ಸರಿಗೆ ಬೇಕಂತೆ. ಪೊರಕೆ ತೆಳ್ಳಗಾಗಿದೆ ಅಂತ ಅಮ್ಮನ ಕಂಪ್ಲೇಂಟ್ ಇನ್ನೂ ನಡೀತಿದೆ.